ಉಪ್ಪು ಮರಳಿನಲ್ಲಿ ಚಿನ್ನ

ಸಹೋದರಿಯರೇ, ಉಳ್ಳಾಲದ ಕಡಲತೀರದಲ್ಲಿ ನಿಮ್ಮ ಉಂಗುರ ಜಾರಿ ಬಿತ್ತೆನ್ನಿ. ಮನೆಯವರು ಲೋಹಶೋಧಕ ಕೊಳ್ಳಲು ಹೊರಟರೆ ಬೆಲೆಗಿಂತ ಮೊದಲು ಕೇಳಿ: ಹುಡುಕುವುದು ಒಣ ಮರಳಿನಲ್ಲೋ, ಒದ್ದೆ ಮರಳಿನಲ್ಲೋ?

ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಒಂದೇ ಆವರ್ತನದ ಅಗ್ಗದ ಯಂತ್ರ ಒದ್ದೆ ಮರಳಿನಲ್ಲಿ ಏನೂ ಇಲ್ಲದಿದ್ದರೂ ಕೂಗುತ್ತದೆ. ಹಲವು ಆವರ್ತನಗಳಲ್ಲಿ ಒಟ್ಟಿಗೆ ಕೆಲಸ ಮಾಡುವ ಯಂತ್ರ ಈ ಗೊಂದಲವನ್ನು ಬಹುಮಟ್ಟಿಗೆ ಕಳೆಯುತ್ತದೆ. ಪಲ್ಸ್ ಇಂಡಕ್ಷನ್ ಯಂತ್ರಕ್ಕೂ ಉಪ್ಪಿನ ಕಾಟ ಕಡಿಮೆ, ಆದರೆ ತುಕ್ಕು ಮೊಳೆಗೂ ಚಿನ್ನಕ್ಕೂ ಭೇದ ಹೇಳುವುದು ಅದಕ್ಕೆ ಕಷ್ಟ. ಸೊಂಟನೋವಿನವರಿಗೆ ಅದು ಬೇಡ!

ಕಸದ ಕಿರಿಕಿರಿಯೆಂದು ಅಲ್ಯುಮಿನಿಯಂ ಹಾಳೆಯ ಸದ್ದನ್ನು ಮುಚ್ಚಿಬಿಡಬೇಡಿ. ತೆಳು ಉಂಗುರದ ಸದ್ದೂ ಹೆಚ್ಚುಕಡಿಮೆ ಅದೇ. ಸಣ್ಣ ಕೊಂಡಿಗಳ ಸರವಂತೂ ಒಳ್ಳೆಯ ಯಂತ್ರಕ್ಕೂ ಸುಲಭವಾಗಿ ಸಿಗದು.

ಹುಡುಕುವಾಗ ಬೇರೆ ಯಾರದೋ ಒಡವೆ ಸಿಕ್ಕಿದರೆ? ಅದರ ಗುರುತು ನೆನಪಿಟ್ಟು ಒಂದು ವರ್ಷ ಸಾರಿ ಹೇಳಬೇಕೆಂದು ಹದೀಸ್‌ನಲ್ಲಿದೆ.