ಹೊತ್ತವಳಿಗೆ ಗೌರವ ಅಂದ್ರೆ ಸಾಕಾ?

ಎರಡು ದಿನದಿಂದ ಒಂದು ಫೋಟೋ ತಲೆಯಿಂದ ಹೋಗ್ತಿಲ್ಲ ಗೆಳೆಯರೇ. ಮರದಲ್ಲಿ ಕೆತ್ತಿದ ಪೀಠ. ಮೇಲಿನ ದುಂಡು ಮಣೆಯನ್ನ ಒಬ್ಬ ಹೆಂಗಸು ತಲೆ ಮತ್ತು ಬೆರಳ ತುದಿಗಳ ಮೇಲೆ ಹೊತ್ತಿದ್ದಾಳೆ. ಕಾಂಗೋ ದೇಶದ ಆಗ್ನೇಯ ಭಾಗದ ಲೂಬಾ ಜನರದು ಇದು. ಅವರ ದೊರೆಗಳ ಅಧಿಕಾರದ ಗುರುತು.

ವಿದ್ವಾಂಸರು ಹೇಳ್ತಾರೆ: ಅವಳು ಆಳಲ್ಲ. ದೊರೆಯ ಆತ್ಮದಂಥ ಬಲವಾದದ್ದನ್ನ ಹೆಣ್ಣಿನ ದೇಹ ಮಾತ್ರ ಹಿಡಿದಿಡಬಲ್ಲದು ಅನ್ನೋದು ಲೂಬಾ ನಂಬಿಕೆ. ದೊರೆ ಸತ್ತ ಮೇಲೆ ಅವನ ಆತ್ಮ ಬರ್ತಿದ್ದದ್ದೂ ಒಬ್ಬ ಹೆಂಗಸಿನ ಮೈಮೇಲೆ. ಇನ್ನು ಆ ಪೀಠ ದಿನಾ ಕೂರೋಕಲ್ಲ. ಬಿಳಿ ಬಟ್ಟೆ ಸುತ್ತಿ, ದೊರೆ ಇರೋ ಊರು ಬಿಟ್ಟು ಬೇರೆ ಊರಲ್ಲಿ ಕಾಪಾಡ್ತಿದ್ರು, ಅಪರೂಪಕ್ಕೆ ಹೊರಗೆ ತರ್ತಿದ್ರು.

ಒಪ್ಕೋತೀನಿ. ಆದ್ರೆ ನಮ್ಮ ಕೇರಿಯ ಅವ್ವನ ಮೈಮೇಲೆ ದೇವಿ ಬಂದಾಗ ಊರೆಲ್ಲ ಕಾಲಿಗೆ ಬಿದ್ದದ್ದನ್ನೂ, ಮಾರನೇ ದಿನ ಅವಳನ್ನ ಜಗಲಿ ಹತ್ತೋಕೆ ಬಿಡದ್ದನ್ನೂ ನೋಡಿ ಬೆಳೆದವನು ನಾನು. ಲೂಬಾ ಜನರಲ್ಲಿ ನಮ್ಮಂಥ ಜಾತಿ ಇರಲಿಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತಿಲ್ಲ. ಆದರೂ ಗೌರವ ಅನ್ನೋ ಮಾತು ಕೇಳಿದ ಕೂಡಲೇ, ಮೇಲೆ ಕೂತವರ್ಯಾರು ಅಂತ ಕಣ್ಣು ಹೋಗುತ್ತೆ.

ಅನುಮಾನ ಇದ್ರೆ ಬೂಲಿ ಅನ್ನೋ ಊರಿನ ಹೆಸರಲ್ಲಿ ಗುರುತಿಸೋ ಪೀಠಗಳನ್ನ ನೋಡಿ. ಬೇರೆ ಲೂಬಾ ಪೀಠಗಳಲ್ಲಿ ಸಾಮಾನ್ಯವಾಗಿ ತುಂಬು ಮುಖದ, ಶಾಂತವಾದ ಹೆಣ್ಣು. ಇಲ್ಲಿ ಉದ್ದ ಮುಖ, ಎದ್ದ ಕೆನ್ನೆಮೂಳೆ, ಬತ್ತಿದ ಕೆನ್ನೆ, ದೊಡ್ಡ ದೊಡ್ಡ ಅಂಗೈ. ಅದು ಹಿರಿಯರ ವಿವೇಕ ಅಂತ ಕೆಲವರು ಓದ್ತಾರೆ. ನನಗೆ ಕಾಣೋದು ದಣಿವು. ಕೆತ್ತಿದವನಿಗೆ ಭಾರ ಅಂದ್ರೇನು ಗೊತ್ತಿತ್ತು.

ಅವನ ಹೆಸರು? ಬಹುಕಾಲ ಬರೀ ‘ಬೂಲಿಯ ಶಿಲ್ಪಿ’. ಯುರೋಪಿನವರು ಪೀಠ ಒಯ್ದರು, ಕೆತ್ತಿದವನ್ಯಾರು ಅಂತ ಕೇಳಲಿಲ್ಲ. ನ್ಗೊಂಗೊ ಯಾ ಚಿಂಟು ಅನ್ನೋ ಹೆಸರು ದಾಖಲಾದದ್ದು ಎಷ್ಟೋ ದಶಕ ಆದ್ಮೇಲೆ. ಅದು ಒಬ್ಬನ ಕೈಯೋ ಇಬ್ಬರದೋ ಅನ್ನೋ ಚರ್ಚೆ ಇನ್ನೂ ಇದೆ. ಆದ್ರೆ 1885ರಿಂದ 1908ರವರೆಗೆ ಇಡೀ ಕಾಂಗೋವನ್ನ ಸ್ವಂತ ಆಸ್ತಿ ಮಾಡ್ಕೊಂಡಿದ್ದ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್ ಹೆಸರು ಎಲ್ಲರಿಗೂ ಗೊತ್ತು. 1897ರಲ್ಲಿ ಅವನು ಬ್ರಸೆಲ್ಸ್ ಹತ್ತಿರದ ಟೆರ್ವುರೆನ್‌ನಲ್ಲಿ ವಸ್ತುಪ್ರದರ್ಶನಕ್ಕೆ 267 ಕಾಂಗೋ ಜನರನ್ನೂ ತರಿಸಿದ್ದ. ಏಳು ಜನ ಅಲ್ಲೇ ಸತ್ತರು. ಆ ಪ್ರದರ್ಶನದಿಂದ ಹುಟ್ಟಿದ ಮ್ಯೂಸಿಯಂ ಇವತ್ತಿಗೂ ಅಲ್ಲಿದೆ.

ಇಂಥ ಪೀಠಗಳ ಫೋಟೋ ಹಂಚೋರು ‘ಆಫ್ರಿಕನ್ ಕಲೆ, ಎಷ್ಟು ಚೆಂದ’ ಅಂತ ಬರೆದು ಕೈಬಿಡಬೇಡಿ. ಕೆತ್ತಿದವನ ಹೆಸರು ಗೊತ್ತಿದ್ರೆ ಮೊದಲು ಅದನ್ನ ಬರೀರಿ. ಲಂಡನ್ನಿಗೋ ನ್ಯೂಯಾರ್ಕಿಗೋ ಅದು ಯಾರ ಕೈಯಿಂದ ಹೇಗೆ ಬಂತು ಅಂತ ಆ ಮ್ಯೂಸಿಯಂನೋರನ್ನ ಕೇಳಿ.

ಜೈಭೀಮ್.