ತೆಗೆದಿಟ್ಟ ಎಲುಬಿಗೂ ಒಂದು ತಾರೀಖು ಬೇಕು

ಹದ ನೋಡಿ ಹರಗಬೇಕು, ಬೆದಿ ನೋಡಿ ಬಿತ್ತಬೇಕು ಎಂಬ ಗಾದೆಯನ್ನು ನಮ್ಮ ಸೊಲ್ಲಾಪುರ-ಅಕ್ಕಲಕೋಟ ಸೀಮೆಯ ರೈತನಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹಿಂಗಾರಿ ಜೋಳ ಭಾಳ ಮೊದಲ ಬಿತ್ತಿದರ ಸುಳಿನೊಣ ತಿಂತದ, ಭಾಳ ತಡ ಮಾಡಿದರ ಎರಿ ನೆಲದಾಗಿನ ಹಸಿ ಆರಿ ಹೋಗತದ. ಹೊಲದ ವಿಷಯದಲ್ಲಿ ಇಷ್ಟು ಲೆಕ್ಕ ಹಾಕುವ ನಾವು, ಮನೆಯ ಮನುಷ್ಯನ ತಲೆಯಿಂದ ತೆಗೆದಿಟ್ಟ ಎಲುಬನ್ನು ತಿರುಗಿ ಕೂಡಿಸುವ ಮಾತು ಬಂದಾಗ ಮಾತ್ರ 'ನೋಡೋಣ, ಕಬ್ಬಿನ ಬಿಲ್ಲು ಬರಲಿ, ದೀಪಾವಳಿ ಆಗಲಿ' ಎಂದು ಕೂತುಬಿಡುತ್ತೇವೆ. ಈ ತಡದ ಬಗ್ಗೆಯೇ ಇಂದು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ನಾನು ಡಾಕ್ಟರ ಅಲ್ಲ, ಎಸ್ಸೆಸ್ಸೆಲ್ಸಿ ಓದಿದ ಒಕ್ಕಲಿಗ. ಆದರೆ ಇದು ಡಾಕ್ಟರರಿಗಿಂತ ಹೆಚ್ಚಾಗಿ ಮನೆಯವರು ತಿಳಿಯಬೇಕಾದ ವಿಷಯ.

ಇಂಡಿ, ಅಫಜಲಪುರ, ಆಳಂದ ತಾಲೂಕುಗಳ ಕನ್ನಡಿಗರಿಗೆ ದೊಡ್ಡ ಬ್ಯಾನಿ ಬಂದರೆ ಸೊಲ್ಲಾಪುರವೂ ಒಂದು ದಾರಿ. ಅಕ್ಕಲಕೋಟ, ದುಧನಿ, ಮೈಂದರ್ಗಿ ಕಡೆಯವರಿಗಂತೂ ಅದೇ ಜಿಲ್ಲಾ ಊರು. ಮಗ್ಗ ನಂಬಿ ಬಂದು ಸೊಲ್ಲಾಪುರದಲ್ಲಿ ನೆಲೆಸಿದ ತೆಲುಗು ಪದ್ಮಶಾಲಿ ಬಂಧುಗಳು ಅಲ್ಲಿಯವರೇ ಆಗಿಹೋಗಿದ್ದಾರೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ ಟ್ರಾಲಿಗೆ ಕತ್ತಲಲ್ಲಿ ಮೋಟರಸೈಕಲ್ ಹೊಡೆಯುವುದು ನಮ್ಮ ರಸ್ತೆಗಳಿಗೆ ಹೊಸದಲ್ಲ. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು ದೇಶದಲ್ಲಿ 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದಿನ ಸೀಟಿನಲ್ಲಿ ಕೂತವರು. ಸತ್ತವರ ಲೆಕ್ಕ ಸರಕಾರ ಇಡುತ್ತದೆ. ತಲೆಗೆ ಪೆಟ್ಟಾಗಿ ಬದುಕಿ ಮನೆಗೆ ಬಂದವರ ಲೆಕ್ಕ ಮನೆಯವರೇ ಇಡಬೇಕು.

ಪೆಟ್ಟು ಬಿದ್ದ ಮೆದುಳು ಬಾಯುತ್ತದೆ. ಕೈಕಾಲು ಬಾತರೆ ಚರ್ಮ ಹಿಗ್ಗೀತು, ಆದರೆ ಬುರುಡೆ ಹಿಗ್ಗುವುದಿಲ್ಲ. ಮುಚ್ಚಿದ ಗಡಿಗೆಯೊಳಗೆ ಹಿಟ್ಟು ಉಬ್ಬಿದಂತೆ ಒತ್ತಡ ಏರಿ ರಕ್ತ ಆಡದಂತಾಗುತ್ತದೆ. ಆಗ ಡಾಕ್ಟರರು ಅಂಗೈಯಷ್ಟು ಅಗಲದ ಎಲುಬನ್ನು ಕೊರೆದು ತೆಗೆದು ಮೆದುಳಿಗೆ ಜಾಗ ಮಾಡಿಕೊಡುತ್ತಾರೆ. 2016ರಲ್ಲಿ ಪ್ರಕಟವಾದ, ಅನೇಕ ದೇಶಗಳ 408 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ, ಔಷಧದಿಂದ ಒತ್ತಡ ಇಳಿಯದವರಿಗೆ ಈ ಆಪರೇಶನ್ ಮಾಡಿದಾಗ ಆರು ತಿಂಗಳಲ್ಲಿ ಸತ್ತವರು ನೂರಕ್ಕೆ 26.9, ಬರೀ ಔಷಧದ ಮೇಲೆ ಇಟ್ಟವರಲ್ಲಿ 48.9. ಜೀವ ಉಳಿಸುವ ಆಪರೇಶನ್ ಎಂಬುದರಲ್ಲಿ ಸಂಶಯವಿಲ್ಲ. ಉಳಿದವರಲ್ಲಿ ಕೆಲವರು ಎಚ್ಚರವಿಲ್ಲದೆ ಹಾಸಿಗೆ ಹಿಡಿದರೆಂಬುದನ್ನೂ ಅದೇ ಪರೀಕ್ಷೆ ಮುಚ್ಚಿಡದೆ ಹೇಳಿದೆ. ಆದ್ದರಿಂದ ಜೀವ ಉಳಿದ ಮ್ಯಾಲೆ ಕೆಲಸ ಮುಗೀತು ಅಂತ ತಿಳೀಬಾರದು. ಅರ್ಧ ಕೆಲಸ ಇನ್ನೂ ಬಾಕಿ ಇರುತ್ತದೆ.

ತೆಗೆದ ಎಲುಬು ಎಲ್ಲಿ ಹೋಯಿತು? ಒಂದೋ ರೋಗಿಯ ಹೊಟ್ಟೆಯ ಚರ್ಮದ ಕೆಳಗೆ ಕೊಬ್ಬಿನಲ್ಲಿ ಹೂತಿಡುತ್ತಾರೆ, ನಮ್ಮ ದೇಶದಲ್ಲಿ ಇದು ಬಹಳ ರೂಢಿ. ಇಲ್ಲವೇ ಸೊನ್ನೆಗಿಂತ ಎಂಬತ್ತು ಡಿಗ್ರಿಯಷ್ಟು ಕೆಳಗಿನ ತಂಪಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಚೂರುಚೂರಾಗಿದ್ದರೆ ಅಥವಾ ಕೀವಾದರೆ ಎಸೆಯಬೇಕಾಗುತ್ತದೆ. ಮುಂದೆ ಟೈಟಾನಿಯಂ ಜಾಳಿಗೆ ಇಲ್ಲವೇ ಎಲುಬಿನ ಸಿಮೆಂಟು ಹಾಕುತ್ತಾರೆ. ವ್ಯಾಪಾರಸ್ಥ ಬಂಧುಗಳೇ, ದುಧನಿ ಬಜಾರದ ಅಡತಿ ಅಂಗಡಿಯಲ್ಲಿ ಹತ್ತು ಚೀಲ ತೊಗರಿ ಇಟ್ಟರೂ ನಾವು ಪಟ್ಟಿ ಕೇಳಿ ತಗೋತೀವಿ. ಸ್ವಂತ ತಲೆಯ ಎಲುಬು ಇಟ್ಟಾಗ ಎಲ್ಲಿ ಇಟ್ಟಾರ, ಎಂದು ತಿರುಗಿ ಕೊಡತಾರ ಎಂಬ ಪಟ್ಟಿ ಕೇಳುವವರು ಎಷ್ಟು ಮಂದಿ?

ಎಲುಬಿಲ್ಲದ ಜಾಗ ಸುಮ್ಮನಿರುವುದಿಲ್ಲ. ಬಾವು ಇಳಿದ ಮೇಲೆ ಆ ಚರ್ಮ ಒಳಗೆ ಕುಸಿಯುತ್ತದೆ. ಹೊರಗಿನ ಗಾಳಿಯ ಭಾರ ನೇರ ಮೆದುಳಿನ ಮೇಲೆ ಬಿದ್ದು, ಮೆದುಳಿನ ನೀರಿನ ಹರಿವೂ ರಕ್ತದ ಆಟವೂ ಏರುಪೇರಾಗುತ್ತವೆ. ತಲೆಶೂಲೆ, ಎದ್ದು ಕೂತರೆ ಚಕ್ಕರ, ಮನಸ್ಸು ಮಂಕಾಗುವುದು, ಸುಧಾರಿಸುತ್ತಿದ್ದ ಕೈ ಮತ್ತೆ ಸೋಲುವುದು, ಇವೆಲ್ಲ ಕಾಣಿಸಿಕೊಳ್ಳಬಹುದು. 1939ರಲ್ಲೇ ಗ್ರಾಂಟ್ ಮತ್ತು ನಾರ್‌ಕ್ರಾಸ್ ಎಂಬ ವೈದ್ಯರು ಇದನ್ನು ಗುರುತಿಸಿ ಬರೆದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ 'ಪೆಟ್ಟಿನ ಹುಚ್ಚು' ಎಂದು ಹೆಸರಿಟ್ಟು ದೇವರಿಗೆ ಹರಕೆ ಹೊರುವವರಿದ್ದಾರೆ. ಹರಕೆ ಹೊರಲಿ, ಯಾರು ಬ್ಯಾಡ ಅಂತಾರ? ಆದರೆ ಎಲುಬು ಕೂಡಿಸಿದ ಮೇಲೆ ಇಂಥ ಎಷ್ಟೋ ಮಂದಿ ಮಾತಿನಲ್ಲಿ, ನಡಿಗೆಯಲ್ಲಿ ಚೇತರಿಸಿಕೊಂಡದ್ದನ್ನು ವೈದ್ಯಶಾಸ್ತ್ರ ಬರೆದಿಟ್ಟಿದೆ. ಇದು ಬರೀ ಚಂದಕ್ಕೆ ಮಾಡುವ ಆಪರೇಶನ್ ಅಲ್ಲ.

ಹಾಗಾದರೆ ಬೆದಿ ಯಾವುದು? ಕೀವಿನ ಅಂಜಿಕೆಯಿಂದ ಆರು ತಿಂಗಳು, ವರ್ಷ ಕಾಯಬೇಕೆಂಬುದು ಹಿಂದಿನ ಪದ್ಧತಿಯಾಗಿತ್ತು. 2018ರಲ್ಲಿ ಎಂಟು ಅಧ್ಯಯನಗಳ 528 ರೋಗಿಗಳನ್ನು ಕೂಡಿಸಿ ನೋಡಿದಾಗ, ಯಾವಾಗ ಕೂಡಿಸಿದರೂ ರೋಗಿಗೆ ಗುಣ ಕಂಡಿತು. ಮೂರು ತಿಂಗಳೊಳಗೆ ಕೂಡಿಸಿದವರಲ್ಲಿ ಗುಣ ಹೆಚ್ಚು ಕಂಡಿತು. 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಹೇಳಿಕೆ ಕಾಲವನ್ನು ಹೀಗೆ ಭಾಗ ಮಾಡಿದೆ: ಆರು ವಾರದೊಳಗೆ ಅತಿ ಬೇಗ, ಆರು ವಾರದಿಂದ ಮೂರು ತಿಂಗಳು ಬೇಗ, ಮೂರರಿಂದ ಆರು ತಿಂಗಳು ನಡುವಿನದು, ಆರು ತಿಂಗಳು ದಾಟಿದರೆ ತಡ. ಅವರ ಕಣ್ಣಿಗೆ ಆರು ತಿಂಗಳೇ ತಡ. ನಮ್ಮ ಕಡೆ ವರ್ಷ ದಾಟಿದರೂ 'ಇನ್ನೂ ಟೈಮ್ ಅದ' ಅನ್ನುತ್ತೇವೆ.

ಇಷ್ಟು ಓದಿ ಯಾರೂ ನಾಳೆಯೇ ಹೋಗಿ ಡಾಕ್ಟರರ ಕೂಡ ಜಗಳಕ್ಕೆ ನಿಲ್ಲಬಾರದು. ಅವಸರಕ್ಕೂ ದಂಡ ಇದೆ. ಬೇಗ ಕೂಡಿಸಿದವರಲ್ಲಿ ಮೆದುಳಿನಲ್ಲಿ ನೀರು ತುಂಬುವುದು ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳಿವೆ. ಬಾವು ಪೂರ್ತಿ ಇಳಿದಿರಬೇಕು, ಗಾಯ ಒಣಗಿರಬೇಕು, ಜ್ವರ-ಕೀವು ಇರಬಾರದು. ಒಮ್ಮೆ ಕೀವಾದರೆ ಅದು ಪೂರ್ತಿ ವಾಸಿಯಾಗಿ ತಿಂಗಳುಗಟ್ಟಲೆ ಕಾಯಲೇಬೇಕು. ತಿರುಗಿ ಕೂಡಿಸಿದ ಎಲುಬು ಕರಗುವುದೂ ಉಂಟು, ಮಕ್ಕಳಲ್ಲಿ ಇದು ಹೆಚ್ಚು. ಆದ್ದರಿಂದ ಕಾಯುವುದು ತಪ್ಪಲ್ಲ. ಯಾತಕ್ಕ ಕಾಯಾಕತ್ತೀವಿ ಅನ್ನೋದು ಗೊತ್ತಿರಬೇಕು. ಡಾಕ್ಟರರು ಬಾವಿಗಾಗಿ ಕಾದರೆ ಅದು ಚಿಕಿತ್ಸೆ. ನಾವು ಬಿಲ್ಲಿಗಾಗಿ ಕಾದರೆ ಅದು ರೋಗಿಯ ನಷ್ಟ.

ಕಾಯುವಷ್ಟು ದಿನ ರೋಗಿ ಆ ಮಗ್ಗಲಿಗೆ ಮಲಗಬಾರದು, ಅಡ್ಡಾಡುವಾಗ ತಲೆಗೆ ಗಟ್ಟಿ ಟೋಪಿ ಇರಬೇಕು, ಫಿಟ್ಸಿನ ಗುಳಿಗೆಯನ್ನು 'ಈಗ ಆರಾಮ ಅದಾನ' ಎಂದು ನಾವೇ ನಿಲ್ಲಿಸಬಾರದು. ಆ ಜಾಗ ಉಬ್ಬಿ ಬಿಗಿಯಾದರೆ, ಭಾಳ ಕುಸಿದರೆ, ಕೀವು ಒಸರಿದರೆ, ರೋಗಿ ಮಂಪರಾಗಿ ಬಿದ್ದರೆ ಕೊಟ್ಟ ತಾರೀಖು ಕಾಯದೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ರೊಕ್ಕದ ಮಾತು. ಮೇ 2025ರಿಂದ ಕೇಂದ್ರ ಸರಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಜಾರಿ ಮಾಡಿದೆ. ಒಳ್ಳೆಯ ಯೋಜನೆ. ಆದರೆ ಅದು ಅಪಘಾತವಾದ ದಿನದಿಂದ ಏಳು ದಿನಕ್ಕೆ ಮುಗಿಯುತ್ತದೆ. ಎಲುಬು ತೆಗೆಯುವುದು ಆ ಏಳು ದಿನದೊಳಗೆ ಬರುತ್ತದೆ, ಎಲುಬು ಕೂಡಿಸುವುದು ಮೂರು ತಿಂಗಳ ಮಾತು. ಹೀಗಾಗಿ ಎರಡನೆಯ ಆಪರೇಶನ್ ಆ ಯೋಜನೆಯ ಹೊರಗೇ ಉಳಿಯಿತು. ತೆಗೆಯಲು ಸರಕಾರ, ಕೂಡಿಸಲು ಸಾವುಕಾರ ಎಂಬಂತಾಗಬಾರದು. ಆಯುಷ್ಮಾನ್ ಭಾರತದ ಚಿಕಿತ್ಸಾ ಪಟ್ಟಿಯಲ್ಲಿ ಕ್ರೇನಿಯೋಪ್ಲಾಸ್ಟಿ, ಅಂದರೆ ಈ ಬುರುಡೆ ಕೂಡಿಸುವ ಕೆಲಸ, ಇದೆ. ಆ ಕಾರ್ಡು ರಾಜ್ಯದ ಗಡಿ ದಾಟಿದರೂ ನಡೆಯುವಂಥದು. ಅರ್ಹರಿದ್ದವರು ಮೈಯಲ್ಲಿ ಆರಾಮಿದ್ದಾಗಲೇ ಕಾರ್ಡು ಮಾಡಿಸಿ ಇಡಬೇಕು. ಬೆಂಕಿ ಬಿದ್ದಾಗ ಬಾವಿ ತೋಡಬಾರದು. ಅಪಘಾತ ಪರಿಹಾರದ ಕೋರ್ಟಿನಲ್ಲಿ ಮುಂದಿನ ಚಿಕಿತ್ಸೆಯ ಖರ್ಚನ್ನೂ ಕೇಳಲು ಬರುತ್ತದೆ. ಅದಕ್ಕೆ 'ಎರಡನೆಯ ಆಪರೇಶನ್ ಬಾಕಿ ಇದೆ' ಎಂಬ ಆಸ್ಪತ್ರೆಯ ಬರಹ ಕೈಯಲ್ಲಿರಬೇಕು.

ಬರಹ ಎಂದಾಗ ಭಾಷೆಯ ಮಾತು ಬಂದೇ ಬರುತ್ತದೆ. ಕನ್ನಡದಾಗ ಎಲುಬು, ತೆಲುಗಿನಾಗ ಎಮುಕ, ಮರಾಠಿಯಾಗ ಹಾಡ. ಸೊಲ್ಲಾಪುರದ ಪೇಟೆಯಲ್ಲಿ ಈ ಮೂರೂ ಭಾಷೆಯಲ್ಲಿ ಸೀರೆ ಮಾರುತ್ತಾರೆ, ಟಾವೆಲು ಮಾರುತ್ತಾರೆ, ಬಾಕಿ ವಸೂಲಿಯನ್ನೂ ಮಾಡುತ್ತಾರೆ. ಆಸ್ಪತ್ರೆಯಿಂದ ಮನೆಗೆ ಕಳಿಸುವ ಕಾಗದ ಮಾತ್ರ ಇಂಗ್ಲಿಷಿನಲ್ಲಿ, ಅದೂ ಓದಲಾಗದ ಅಕ್ಷರದಲ್ಲಿ. ಮೂರು ತಿಂಗಳಿಗೆ ಬರ್ರಿ ಎಂದು ಅದರೊಳಗೆ ಬರೆದಿದ್ದರೂ, ಓದಲಾರದ ತಾಯಿ ಅದನ್ನು ಮಡಚಿ ಟ್ರಂಕಿನಲ್ಲಿ ಇಡುತ್ತಾಳೆ. ಗಡಿಯ ಜಗಳ ಏನೇ ಇರಲಿ, ಅದು ಕೋರ್ಟು-ಕಚೇರಿಯಲ್ಲಿ ನಡೆಯಲಿ. ರೋಗಿಯ ಕಾಗದಕ್ಕೆ ಗಡಿ ಇರಬಾರದು.

ಆದ್ದರಿಂದ ಎರಡೂ ರಾಜ್ಯದ ಆರೋಗ್ಯ ಖಾತೆಗಳಿಗೆ ನನ್ನ ವಿನಂತಿ ಇಷ್ಟೇ. ಬುರುಡೆಯ ಎಲುಬು ತೆಗೆದ ಪ್ರತಿಯೊಬ್ಬ ರೋಗಿಗೂ ಒಂದು ಚೀಟಿ ಕೊಡಲಿ. ಎಲುಬು ಎಲ್ಲಿದೆ, ಎಂದು ತೋರಿಸಲು ಬರಬೇಕು, ಕೂಡಿಸುವ ಅಂದಾಜು ತಿಂಗಳು ಯಾವುದು, ಯಾವ ಯೋಜನೆಯಲ್ಲಿ ಆಗುತ್ತದೆ, ಈ ನಾಲ್ಕು ಸಾಲು ರೋಗಿಯ ಮನೆಯವರು ಓದುವ ಭಾಷೆಯಲ್ಲಿ ಇರಲಿ. ಅಕ್ಕಲಕೋಟ, ಇಂಡಿ, ಆಳಂದ, ಅಫಜಲಪುರದ ಸರಕಾರಿ ಆಸ್ಪತ್ರೆಗಳು ಆ ತಾರೀಖು ನೋಡಿ ಆಶಾ ಕಾರ್ಯಕರ್ತೆಯರ ಮೂಲಕ ಮನೆಗೆ ನೆನಪು ಮಾಡಲಿ. ಅಪಘಾತ ಯೋಜನೆಯ ಏಳು ದಿನದ ಗೆರೆಯನ್ನು ಈ ಎರಡನೆಯ ಆಪರೇಶನ್ನಿಗಾದರೂ ಸಡಿಲಿಸಲಿ. ಇದರಲ್ಲಿ ಹೊಸ ಕಟ್ಟಡ ಬೇಕಾಗಿಲ್ಲ, ಹೊಸ ಮಶಿನ್ ಬೇಕಾಗಿಲ್ಲ.

ಸರಕಾರ ಮಾಡುವ ತನಕ ನಾವೇ ಕೇಳೋಣ. ರೋಗಿಯನ್ನು ಮನೆಗೆ ಕರಕೊಂಡು ಬರುವ ದಿನ ಬಿಲ್ಲು ತುಂಬಿದ ಮ್ಯಾಲೆ ಗಾಡಿ ಹತ್ತುವ ಮೊದಲು ಡಾಕ್ಟರರ ಮುಂದೆ ನಿಂತು ಎರಡು ಪ್ರಶ್ನೆ ಹಾಕ್ರಿ: 'ಸಾಹೇಬರ, ಎಲುಬು ಎಲ್ಲಿ ಇಟ್ಟೀರಿ? ತಿರುಗಿ ಯಾವ ತಿಂಗಳದಾಗ ಕೂಡಸ್ತೀರಿ?' ಉತ್ತರವನ್ನು ಮನೆಯ ಗೋಡೆಯ ಪಂಚಾಂಗದ ಮೇಲೆ ಕಾಣುವಂತೆ ಬರೆದಿಡಿರಿ.