ಆಟದ ಯಂತ್ರವೂ ಬರಹದ ಹೊಣೆಯೂ

ಕೆಲವು ಕಾಲದ ಹಿಂದೆ ನಾವು ಹಳೆಯ ವಿಡಿಯೊ ಆಟದ ಯಂತ್ರಗಳನ್ನು ಕುರಿತು ಒಂದು ಲೇಖನವನ್ನು ಸಿದ್ಧಪಡಿಸುತ್ತಿದ್ದೆವು. ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದಲ್ಲಿ, ತೆರೆಯ ಮೇಲೆ ಆಕೃತಿಗಳು ಒತ್ತೊತ್ತಾಗಿ ಸೇರಿದಾಗ ಅವು ಮಿನುಗತೊಡಗುತ್ತವೆ. ಯಂತ್ರಕ್ಕೆ ಸಾಕಷ್ಟು ವೇಗವಿಲ್ಲದುದೇ ಇದಕ್ಕೆ ಕಾರಣವೆಂದು ಒಂದೇ ವಾಕ್ಯದಲ್ಲಿ ಬರೆದು ನಾವು ಮುಂದೆ ಸಾಗಿದ್ದೆವು. ಕರಡನ್ನು ಓದಿದ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು, “ವೇಗ ಸಾಲದಿದ್ದರೆ ಆಟವೆಲ್ಲವೂ ನಿಧಾನವಾಗಬೇಕಲ್ಲವೆ? ಆಕೃತಿಗಳು ಮಾತ್ರ ಏಕೆ ಮಿನುಗಬೇಕು?” ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ವಾಕ್ಯವನ್ನು ನಾವು ಎಲ್ಲಿಯೋ ಓದಿದ್ದೆವು. ಬರೆದವರೂ ಎಲ್ಲಿಯೋ ಓದಿದ್ದಿರಬೇಕು.

ನಿಜವಾದ ಕಾರಣವನ್ನು ಅರಸಿ ಹೊರಟಾಗ ದೊರೆತ ಸಂಗತಿಯು ನಾವು ಬರೆದುದಕ್ಕಿಂತ ಎಷ್ಟೋ ಸೊಗಸಾಗಿತ್ತು. ಆ ಯಂತ್ರದಲ್ಲಿ ಚಿತ್ರ ಬಿಡಿಸುವ ಕೆಲಸಕ್ಕೆಂದೇ ಪ್ರತ್ಯೇಕವಾದ ಚಿಪ್ ಇದೆ. ಅದು ಚಿತ್ರವನ್ನು ಗೆರೆ ಗೆರೆಯಾಗಿ ಎಳೆಯುತ್ತದೆ. ಒಂದೊಂದು ಗೆರೆಗೆ ದೊರೆಯುವ ಕಾಲ 341 ಮಿಡಿತಗಳು. ಇವುಗಳಲ್ಲಿ 256 ಮಿಡಿತಗಳು ತೆರೆಯ ಮೇಲೆ ಚುಕ್ಕೆಗಳನ್ನು ಮೂಡಿಸುವುದಕ್ಕೆ ಮೀಸಲು. ಆ ಬಳಿಕದ 64 ಮಿಡಿತಗಳಲ್ಲಿ ಮುಂದಿನ ಗೆರೆಗೆ ಬೇಕಾದ ಚಲಿಸುವ ಚಿತ್ರತುಣುಕುಗಳನ್ನು, ಅಂದರೆ ಸ್ಪ್ರೈಟ್‌ಗಳನ್ನು, ತಂದುಕೊಳ್ಳಬೇಕು. ಒಂದು ತುಣುಕಿಗೆ 8 ಮಿಡಿತಗಳು ಬೇಕು. ಆದುದರಿಂದ ಒಂದು ಗೆರೆಯಲ್ಲಿ 8 ತುಣುಕುಗಳಿಗೆ ಮಾತ್ರ ಸ್ಥಳ. ಒಂಬತ್ತನೆಯದು ಕಾಣಿಸುವುದೇ ಇಲ್ಲ.

ಹಾಗಾದರೆ ಮಿನುಗುವುದೇಕೆ? ಹೆಚ್ಚಾದ ತುಣುಕು ಪೂರ್ತಿಯಾಗಿ ಮಾಯವಾದರೆ ಆಟಗಾರನು ತನ್ನ ಶತ್ರುವನ್ನು ಕಾಣದೆಯೇ ಸೋಲಬೇಕಾದೀತು. ಇದನ್ನು ತಪ್ಪಿಸಲು ಕ್ರಮವಿಧಿ ಬರೆಯುವವರು ತುಣುಕುಗಳ ಸರದಿಯನ್ನು ಚಿತ್ರದಿಂದ ಚಿತ್ರಕ್ಕೆ ಬದಲಾಯಿಸಿದರು. ಈ ಸಲ ಒಂದು ಬಿಟ್ಟುಹೋದರೆ ಮರುಸಲ ಇನ್ನೊಂದು ಬಿಟ್ಟುಹೋಗುತ್ತದೆ. ಸೆಕೆಂಡಿಗೆ ಸುಮಾರು 60 ಚಿತ್ರಗಳು ಹಾಯ್ದುಹೋಗುವಾಗ ಕಣ್ಣಿಗೆ ಎಲ್ಲವೂ ಕಾಣುತ್ತವೆ, ಆದರೆ ಮಿನುಗುತ್ತ ಕಾಣುತ್ತವೆ. ಕೊರತೆಯಿರುವುದು ಚಿಪ್ಪಿನಲ್ಲಿ, ಮಿನುಗು ಆ ಕೊರತೆಗೆ ಮನುಷ್ಯನು ಕಂಡುಕೊಂಡ ಉಪಾಯ. ನಮ್ಮ ಹಳೆಯ ವಾಕ್ಯವು ಕಾರಣವನ್ನು ತಪ್ಪಾಗಿ ಹೇಳಿದ್ದಲ್ಲದೆ, ಆ ಉಪಾಯವನ್ನು ಕಂಡವರ ಬುದ್ಧಿಯನ್ನೂ ಮರೆಮಾಡಿತ್ತು.

ಇಂತಹ ತಪ್ಪು ನಮ್ಮೊಬ್ಬರದೇ ಅಲ್ಲ. 1994ರಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ನಿನಲ್ಲಿ ನೆಲದ ಹಾಸುಗಲ್ಲುಗಳು ಬಾಗಿದಂತೆ ತೋರುವುದಕ್ಕೂ, ವಸ್ತುಗಳ ಮೂಲೆಗಳು ನಡುಗುವುದಕ್ಕೂ, ಹಿಂದಿನ ವಸ್ತು ಒಮ್ಮೊಮ್ಮೆ ಮುಂದಕ್ಕೆ ಬಂದುಬಿಡುವುದಕ್ಕೂ ಒಂದೇ ಕಾರಣವನ್ನು ಹೇಳುವ ಬರಹಗಳು ಉಂಟು. ವಾಸ್ತವದಲ್ಲಿ ಇವು ಮೂರು ಬೇರೆ ಬೇರೆ ಸಂಗತಿಗಳು. ಮೇಲ್ಮೈಯ ಚಿತ್ರವನ್ನು ಹಚ್ಚುವಾಗ ಯಂತ್ರವು ದೂರವನ್ನು ಗಣನೆಗೆ ತೆಗೆದುಕೊಳ್ಳದಿರುವುದರಿಂದ ಕಲ್ಲುಗಳು ಬಾಗುತ್ತವೆ. ಮೂಲೆಗಳ ಸ್ಥಾನವನ್ನು ಪೂರ್ಣಾಂಕಗಳಲ್ಲಿ ಮಾತ್ರ ಗುರುತಿಸುವುದರಿಂದ ಅವು ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹಾರಿ ನಡುಗುತ್ತವೆ. ಪ್ರತಿಯೊಂದು ಚುಕ್ಕೆಯ ಆಳವನ್ನು ನೆನಪಿಡುವ ವ್ಯವಸ್ಥೆಯಿಲ್ಲದುದರಿಂದ ಹಿಂದುಮುಂದಿನ ಗೊಂದಲವುಂಟಾಗುತ್ತದೆ. ರೋಗಿಗೆ ಜ್ವರ, ಕೆಮ್ಮು, ಕಾಲುನೋವು ಮೂರೂ ಇದ್ದರೆ ಮೂರಕ್ಕೂ ಒಂದೇ ಮೂಲವೆಂದು ಪರೀಕ್ಷಿಸದೆ ತೀರ್ಮಾನಿಸುವ ವೈದ್ಯನನ್ನು ನಾವು ಮೆಚ್ಚುವೆವೆ?

ಅಂಕಿಗಳ ವಿಷಯದಲ್ಲಿಯೂ ಇದೇ ಮಾತು. ಫ್ಯಾಮಿಕಾಮಿನ ಪ್ರೊಸೆಸರಿನ ವೇಗ 1.79 ಮೆಗಾಹರ್ಟ್ಸ್ ಎಂದು ಒಬ್ಬರು ಬರೆದರೆ, 1.66 ಎಂದು ಇನ್ನೊಬ್ಬರು ಬರೆಯುತ್ತಾರೆ. ಎರಡೂ ಸರಿ. ಮೊದಲನೆಯದು ಜಪಾನ್ ಮತ್ತು ಅಮೆರಿಕದ ಟೆಲಿವಿಷನ್ ಪದ್ಧತಿಗೆ ಹೊಂದುವ ಯಂತ್ರದ್ದು, ಎರಡನೆಯದು ಯುರೋಪಿನಲ್ಲಿ ಮಾರಾಟವಾದ ಯಂತ್ರದ್ದು. ಯಾವ ಯಂತ್ರವೆಂದು ಹೇಳದ ಅಂಕಿ ಅರ್ಧ ಸತ್ಯವಷ್ಟೆ. ಹಾಗೆಯೇ 1988ರ ಮೆಗಾಡ್ರೈವ್ 7.67 ಮೆಗಾಹರ್ಟ್ಸ್ ವೇಗದ್ದು, 1990ರ ಸೂಪರ್ ಫ್ಯಾಮಿಕಾಮ್ ಹೆಚ್ಚೆಂದರೆ 3.58ರದು, ಆದುದರಿಂದ ಮೊದಲನೆಯದು ಎರಡು ಪಟ್ಟು ಶಕ್ತವೆಂದು ಲೆಕ್ಕ ಹಾಕುವುದೂ ಸಲ್ಲದು. ಮೊದಲನೆಯದರ ಪ್ರೊಸೆಸರಿಗೆ ಅತ್ಯಂತ ಚಿಕ್ಕ ಆಜ್ಞೆಗೂ 4 ಮಿಡಿತಗಳು ಬೇಕು, ಎರಡನೆಯದಕ್ಕೆ 2 ಸಾಕು. ಒಂದೊಂದು ಆಜ್ಞೆಯಲ್ಲಿ ಆಗುವ ಕೆಲಸವೂ ಬೇರೆ ಬೇರೆ. ಇಬ್ಬರ ಹೆಜ್ಜೆಗಳನ್ನು ಎಣಿಸಿದ ಮಾತ್ರಕ್ಕೆ ಯಾರು ಹೆಚ್ಚು ದೂರ ನಡೆದರೆಂದು ತಿಳಿಯದು; ಹೆಜ್ಜೆಯ ಉದ್ದವನ್ನೂ ಅಳೆಯಬೇಕು.

ಆಟಿಕೆಯ ವಿಷಯಕ್ಕೆ ಇಷ್ಟೊಂದು ಎಚ್ಚರವೇಕೆ, ವಿವರ ಹೆಚ್ಚಿದರೆ ಓದುಗರು ಬೇಸರಗೊಳ್ಳುವುದಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಎಲ್ಲ ವಿವರವನ್ನೂ ತುಂಬಬೇಕೆಂದು ನಾವು ಹೇಳುವುದಿಲ್ಲ. ಲೇಖನವನ್ನು ತಿದ್ದುವುದೆಂದರೆ ಉದ್ದಮಾಡುವುದಲ್ಲ. ಅನೇಕ ವೇಳೆ ಅದು ಕಡಿಮೆ ಮಾಡುವುದೇ ಆಗಿರುತ್ತದೆ. ಆದರೆ ಬಿಟ್ಟುಬಿಡುವುದು ಬೇರೆ, ಸುಳ್ಳು ಕಾರಣವನ್ನು ಕೊಡುವುದು ಬೇರೆ. “ಹಳೆಯ ಯಂತ್ರ, ಶಕ್ತಿ ಸಾಲದು” ಎಂಬ ಉತ್ತರವನ್ನು ಓದಿದ ವಿದ್ಯಾರ್ಥಿಯು ಅಲ್ಲಿಗೇ ಯೋಚನೆಯನ್ನು ನಿಲ್ಲಿಸುತ್ತಾನೆ. “64 ಮಿಡಿತ, ತುಣುಕಿಗೆ 8” ಎಂದು ಓದಿದವನು ತಾನೇ ಭಾಗಿಸಿ ನೋಡುತ್ತಾನೆ. ಇಂಜಿನಿಯರನ ವಿದ್ಯೆ ಆರಂಭವಾಗುವುದು ಇಲ್ಲಿಂದಲೇ.

ಇನ್ನೊಂದು ಕಾರಣವೂ ಉಂಟು. ಫ್ಯಾಮಿಕಾಮಿನ ವಿನ್ಯಾಸಕ್ಕೆ ಮುಂದಾಳಾಗಿದ್ದ ಮಸಯುಕಿ ಉಎಮುರ 2021ರಲ್ಲಿ ತೀರಿಕೊಂಡರು. ಯಂತ್ರಗಳನ್ನು ಮಾಡಿದವರು ಒಬ್ಬೊಬ್ಬರಾಗಿ ಅಗಲುತ್ತಾರೆ, ಯಂತ್ರಗಳೂ ಕೆಡುತ್ತವೆ. ಕೊನೆಗೆ ಉಳಿಯುವುದು ಬರಹ. ಅದರಲ್ಲಿ ತಪ್ಪು ನೆಲೆಗೊಂಡರೆ ಕೇಳಿ ತಿಳಿಯಲು ಯಾರೂ ಇರುವುದಿಲ್ಲ.

ಆದುದರಿಂದ ಬರೆಯಹೊರಡುವ ತರುಣರಿಗೆ ನಮ್ಮ ಸೂಚನೆ ಇಷ್ಟೆ. ಕಾರಣವನ್ನು ಹೇಳುವ ಪ್ರತಿಯೊಂದು ವಾಕ್ಯದ ಮುಂದೆಯೂ “ಇದು ನಮಗೆ ಹೇಗೆ ತಿಳಿಯಿತು?” ಎಂದು ಕೇಳಿಕೊಳ್ಳಿರಿ. ಸಾಧ್ಯವಾದಲ್ಲಿ ಪ್ರಯೋಗ ಮಾಡಿರಿ: ಒಂದೇ ಸಾಲಿನಲ್ಲಿ ಒಂಬತ್ತು ತುಣುಕುಗಳನ್ನಿಡುವ ಚಿಕ್ಕ ಕ್ರಮವಿಧಿಯನ್ನು ಬರೆದರೆ, ಒಂಬತ್ತನೆಯದು ಮಿನುಗದೆ ಮಾಯವಾಗುವುದನ್ನು ಕಣ್ಣಾರೆ ಕಾಣಬಹುದು. ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಈ ಕೆಲಸಕ್ಕೆ ನೆರವಾಗುತ್ತದೆ. ಆದರೆ ಅದೂ ಮನುಷ್ಯರು ಬರೆದದ್ದೇ, ಕಡೆಯ ಸಾಕ್ಷಿ ಯಂತ್ರವೇ. ತಪ್ಪು ಕಂಡಾಗ ಗುಟ್ಟಾಗಿ ಅಳಿಸದೆ, ಹಿಂದೆ ಹೀಗೆ ಬರೆದಿದ್ದೆವು, ಈಗ ಹೀಗೆ ತಿಳಿದಿದೆ ಎಂದು ಬಹಿರಂಗವಾಗಿ ತಿದ್ದಿರಿ. ಕೊನೆಯದಾಗಿ, ವಿಷಯವನ್ನು ಬಲ್ಲವರೊಬ್ಬರಿಗೂ ಬಲ್ಲದವರೊಬ್ಬರಿಗೂ ಕರಡನ್ನು ತೋರಿಸಿರಿ. ಮೊದಲನೆಯವರು ಅಂಕಿಯ ತಪ್ಪನ್ನು ಹಿಡಿದಾರು. ನಮ್ಮ ಅನುಭವದಲ್ಲಿ, ತರ್ಕದ ತಪ್ಪನ್ನು ಹಿಡಿದವನು ಆ ಹುಡುಗನೇ.